ಸುಳಿ ತಿಂದದ್ದು ಯಾವ ಹುಳು? ಫಾಲ್ ಸೈನಿಕ ಹುಳುವನ್ನು ಲಕ್ಷಣ ಹಿಡಿದು ಪತ್ತೆಹಚ್ಚುವ ಕೈಪಿಡಿ

ಮೆಕ್ಕೆಜೋಳದ ಎಲೆಯಲ್ಲಿ ತೂತು ಕಂಡ ಕೂಡಲೇ ಔಷಧದ ಅಂಗಡಿಗೆ ಹೋಗಿ, ಅವರು ಕೊಟ್ಟದ್ದನ್ನು ತಂದು ಹೊಡೆಯುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಆದರೆ ಎಲೆ ತೂತು ಮಾಡುವ ಹುಳು ಒಂದೇ ಅಲ್ಲ. ಒಂದು ಸುಳಿಯೊಳಗೆ ಕೂತು ತಿನ್ನುತ್ತದೆ, ಇನ್ನೊಂದು ಕಾಂಡ ಕೊರೆದು ಒಳಗೆ ಸೇರಿಕೊಳ್ಳುತ್ತದೆ, ಮತ್ತೊಂದು ಹಗಲೆಲ್ಲ ಮಣ್ಣಿನ ಹೆಂಟೆಯಡಿ ಅಡಗಿದ್ದು ರಾತ್ರಿ ಹೊರಬರುತ್ತದೆ. ಯಾವುದೆಂದು ತಿಳಿಯದೆ ಹೊಡೆದ ಔಷಧದಿಂದ ಹುಳು ಸಾಯುವುದಿಲ್ಲ, ಹುಳುವನ್ನು ತಿನ್ನುತ್ತಿದ್ದ ಜೇಡ ಮತ್ತು ಕಣಜಗಳು ಮಾತ್ರ ಸಾಯುತ್ತವೆ.

ಈ ಕೈಪಿಡಿಯ ಕೇಂದ್ರದಲ್ಲಿರುವುದು ಫಾಲ್ ಸೈನಿಕ ಹುಳು. ರೈತರಲ್ಲಿ ಹಲವರು ಇದನ್ನು ಲದ್ದಿ ಹುಳು ಎನ್ನುತ್ತಾರೆ. ಇದರ ಶಾಸ್ತ್ರೀಯ ಹೆಸರು ಸ್ಪೊಡಾಪ್ಟೆರಾ ಫ್ರುಗಿಪರ್ಡಾ. ಇದು ಅಮೆರಿಕ ಖಂಡಗಳ ಉಷ್ಣವಲಯದ ಪತಂಗ. 2016ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಪತ್ತೆಯಾಗಿ, 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ ಕಾಣಿಸಿಕೊಂಡಿತು. ಭಾರತದಲ್ಲಿ ಮಾತ್ರವಲ್ಲ, ಏಷ್ಯಾದಲ್ಲೇ ಇದನ್ನು ಮೊದಲು ಗುರುತಿಸಿದವರು ಅಲ್ಲಿನ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ಕೀಟತಜ್ಞರು. ಅಲ್ಲಿಂದ ಮುಂದೆ 2019ರ ಆರಂಭಕ್ಕೆ ಚೀನಾವನ್ನೂ 2020ಕ್ಕೆ ಆಸ್ಟ್ರೇಲಿಯಾವನ್ನೂ ಮುಟ್ಟಿತು. ಈ ವೇಗದ ಕಾರಣ ತಿಳಿದಿದ್ದರೆ ಹೊಲದಲ್ಲಿ ಕಾಣುವ ಹಲವು ಒಗಟುಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಅದನ್ನು ಆಯಾ ಲಕ್ಷಣದ ಜೊತೆಗೇ ವಿವರಿಸಿದ್ದೇನೆ.

ಲಕ್ಷಣ: ಎಳೆಯ ಎಲೆಯ ಮೇಲೆ ಬಿಳಿಯ, ಗಾಜಿನಂತೆ ಬೆಳಕು ತೂರುವ ಮಚ್ಚೆಗಳು

ಬಿತ್ತಿ ಎರಡು ಮೂರು ವಾರವಾದ ಬೆಳೆಯಲ್ಲಿ ಮೊದಲು ಕಾಣುವುದು ಇದು. ಎಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಹಸಿರು ಪದರ ಕೆರೆದುಹೋಗಿ, ತೆಳುವಾದ ಪೊರೆ ಮಾತ್ರ ಉಳಿದಿರುತ್ತದೆ. ಮೊಟ್ಟೆಯಿಂದ ಆಗತಾನೇ ಹೊರಬಂದ ಮರಿಗಳಿಗೆ ಎಲೆಯನ್ನು ತೂತು ಮಾಡುವಷ್ಟು ಬಲವಿರುವುದಿಲ್ಲವಾದ್ದರಿಂದ ಅವು ಮೇಲ್ಪದರವನ್ನಷ್ಟೇ ಕೆರೆದು ತಿನ್ನುತ್ತವೆ. ಸತುವಿನ ಕೊರತೆಯಲ್ಲೂ ಎಲೆ ಬೆಳ್ಳಗಾಗುತ್ತದೆ. ಆದರೆ ಆ ಬಿಳುಪು ನರಗಳ ಉದ್ದಕ್ಕೆ ಪಟ್ಟೆಯಾಗಿ ಓಡುತ್ತದೆ ಮತ್ತು ಉಗುರಿನಿಂದ ಸವರಿದರೆ ಎಲೆ ದಪ್ಪವಾಗಿಯೇ ಇರುತ್ತದೆ. ಹುಳು ಕೆರೆದ ಮಚ್ಚೆ ಉಗುರು ತಾಗಿದರೆ ಹರಿದುಹೋಗುತ್ತದೆ.

ಈ ಹಂತದ ತಪಾಸಣೆಗೆ ಒಂದು ಪೈಸೆಯೂ ಬೇಡ. ಮಚ್ಚೆಯಿರುವ ಗಿಡದ ಸುತ್ತಲಿನ ಹತ್ತಾರು ಗಿಡಗಳ ಎಲೆಗಳನ್ನು ತಿರುವಿ, ಮೇಲೂ ಕೆಳಗೂ ನೋಡಬೇಕು. ಬೂದು ಬಣ್ಣದ ರೋಮ ಹೊದ್ದ, ಬೂಷ್ಟು ಹಿಡಿದಂತೆ ಕಾಣುವ ಸಣ್ಣ ತೇಪೆ ಸಿಕ್ಕರೆ ಅದೇ ಮೊಟ್ಟೆಯ ಗುಂಪು. ತಾಯಿ ಪತಂಗ ತನ್ನ ಹೊಟ್ಟೆಯ ಹುರುಪೆಗಳನ್ನೇ ಅದಕ್ಕೆ ಹೊದಿಸಿರುತ್ತದೆ. ಒಂದು ಗುಂಪಿನಲ್ಲಿ ಸಾಮಾನ್ಯವಾಗಿ 100ರಿಂದ 200 ಮೊಟ್ಟೆಗಳಿರುತ್ತವೆ. ಒಂದು ಹೆಣ್ಣು ತನ್ನ ಜೀವಿತದಲ್ಲಿ ಸುಮಾರು 1500 ಮೊಟ್ಟೆಗಳನ್ನಿಡುತ್ತದೆ. ಎರಡು ಬೆರಳಿನ ನಡುವೆ ಅದನ್ನು ಹೊಸಕಿಬಿಟ್ಟರೆ ನೂರೈವತ್ತು ಹುಳುಗಳ ಕಾಟ ಅಲ್ಲಿಗೇ ಮುಗಿಯುತ್ತದೆ. ಇದಕ್ಕಿಂತ ಅಗ್ಗದ, ಇದಕ್ಕಿಂತ ಖಚಿತವಾದ ಉಪಾಯ ಮುಂದಿನ ಯಾವ ಹಂತದಲ್ಲೂ ಸಿಗುವುದಿಲ್ಲವೆಂದು ಒತ್ತಿ ಹೇಳುತ್ತೇನೆ. ಆದರೆ ಮೊಟ್ಟೆ ಒಡೆಯಲು ಎರಡು ಮೂರು ದಿನ ಸಾಕು, ಆದ್ದರಿಂದ ವಾರಕ್ಕೆ ಎರಡು ಸಲವಾದರೂ ಹೊಲ ಸುತ್ತಬೇಕು.

ಮರಿಗಳು ಹೊರಬಂದಾಗಿದ್ದರೆ ಅವು ನೂಲಿನೆಳೆಯಲ್ಲಿ ಜೋತುಬಿದ್ದು ಗಾಳಿಗೆ ಅಕ್ಕಪಕ್ಕದ ಗಿಡಕ್ಕೆ ತೇಲಿಹೋಗುತ್ತವೆ. ಆರಂಭದ ಹಾನಿ ಹೊಲದ ತುಂಬ ಹರಡದೆ ಅಲ್ಲೊಂದು ಇಲ್ಲೊಂದು ಗುಂಪಾಗಿ ಕಾಣುವುದು ಇದೇ ಕಾರಣಕ್ಕೆ.

ಲಕ್ಷಣ: ಎಲೆ ಚಿಂದಿಯಾಗಿದೆ, ಸುಳಿಯೊಳಗೆ ಮರದ ಹೊಟ್ಟಿನಂಥ ಲದ್ದಿ ತುಂಬಿದೆ

ಬೆಳಗಿನ ಹೊತ್ತು, ಇಬ್ಬನಿ ಆರುವ ಮೊದಲೇ ಅಂಥ ಒಂದು ಗಿಡದ ಸುಳಿಯನ್ನು ಮೆಲ್ಲಗೆ ಬಿಡಿಸಬೇಕು. ಹೊರಗಿನ ಎಲೆಯಲ್ಲಿ ಅಂಕುಡೊಂಕಾದ ದೊಡ್ಡ ತೂತುಗಳಿರುತ್ತವೆ. ಒಳಕ್ಕೆ ಹೋದಂತೆ ಕಂದು ಹಳದಿ ಬಣ್ಣದ ಒದ್ದೆ ಲದ್ದಿ, ಗರಗಸದ ಕೆಳಗೆ ಉದುರಿದ ಹೊಟ್ಟನ್ನು ನೀರಿನಲ್ಲಿ ಕಲಸಿ ಒತ್ತಿದಂತೆ, ಬಿರಡೆಯಾಗಿ ಸುಳಿಯ ಬಾಯಿ ಮುಚ್ಚಿರುತ್ತದೆ. ಅದನ್ನು ಕಡ್ಡಿಯಿಂದ ಸರಿಸಿದರೆ ಅಡಿಯಲ್ಲಿ ಹುಳು ಸುರುಳಿ ಸುತ್ತಿ ಮಲಗಿರುತ್ತದೆ. ನೂರಾರು ಮೊಟ್ಟೆ ಒಡೆದಿದ್ದರೂ ಒಂದು ಸುಳಿಯಲ್ಲಿ ಒಂದೋ ಎರಡೋ ದೊಡ್ಡ ಹುಳುಗಳಷ್ಟೇ ಸಿಗುತ್ತವೆ, ಏಕೆಂದರೆ ಬೆಳೆದಂತೆ ಇವು ಒಂದನ್ನೊಂದು ತಿಂದುಹಾಕುತ್ತವೆ.

ಹುಳುವನ್ನು ಅಂಗೈಯಲ್ಲಿಟ್ಟು ಎರಡು ಗುರುತುಗಳನ್ನು ನೋಡಬೇಕು. ಮೊದಲನೆಯದು ತಲೆಯ ಮೇಲೆ: ಹಣೆಯಲ್ಲಿ ಬಿಳಿ ಗೆರೆಗಳು ಸೇರಿ ಇಂಗ್ಲಿಷಿನ ವೈ ಅಕ್ಷರವನ್ನು ತಲೆಕೆಳಗೆ ಬರೆದಂತೆ ಕಾಣುತ್ತವೆ. ಎರಡನೆಯದು ಬಾಲದ ತುದಿಯ ಹತ್ತಿರ: ಕೊನೆಯಿಂದ ಎರಡನೆಯ ಉಂಗುರದ ಮೇಲೆ ನಾಲ್ಕು ಕಪ್ಪು ಚುಕ್ಕೆಗಳು ಚೌಕದ ನಾಲ್ಕು ಮೂಲೆಗಳಂತೆ ಕೂತಿರುತ್ತವೆ. ಉಳಿದ ಉಂಗುರಗಳಲ್ಲೂ ನಾಲ್ಕು ಚುಕ್ಕೆಗಳಿರುತ್ತವೆ, ಆದರೆ ಅಲ್ಲಿ ಮುಂದಿನ ಎರಡು ಹತ್ತಿರ, ಹಿಂದಿನ ಎರಡು ದೂರ. ಮೈಬಣ್ಣವನ್ನು ನಂಬಬಾರದು, ಹಸಿರು, ಕಂದು, ಬಹುಪಾಲು ಕಪ್ಪು, ಹೀಗೆ ಒಂದೇ ಹೊಲದಲ್ಲಿ ಮೂರೂ ಬಣ್ಣದವು ಸಿಗುತ್ತವೆ. ಎರಡೂ ಗುರುತುಗಳು ಕೂಡಿದರೆ ಮಾತ್ರ ಇದು ಫಾಲ್ ಸೈನಿಕ ಹುಳು. ಕಣ್ಣಿಗೆ ಸರಿಯಾಗಿ ಕಾಣದಿದ್ದರೆ ಫೋನಿನಲ್ಲಿ ಹತ್ತಿರದಿಂದ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಬಹುದು.

ಗುರುತು ಖಚಿತವಾದ ಮೇಲೆ ಎಣಿಕೆ. ಹೊಲದಲ್ಲಿ ಐದು ಕಡೆ, ಒಂದೊಂದು ಕಡೆ ಸಾಲಾಗಿ 20 ಗಿಡ ನೋಡಿದರೆ ಒಟ್ಟು ನೂರು ಗಿಡವಾಗುತ್ತದೆ. ಹೊಸ ಹಾನಿ ಕಂಡ ಗಿಡಗಳ ಸಂಖ್ಯೆಯೇ ಶೇಕಡಾವಾರು. ಬದುವಿನ ಅಂಚಿನ ಸಾಲನ್ನಷ್ಟೇ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಎಳೆಯ ಬೆಳೆಯಲ್ಲಿ ಐದು ಗಿಡಗಳಿಗಿಂತ ಕಡಿಮೆಯಿದ್ದರೆ ಕೈಯಿಂದ ಆರಿಸುವುದೂ, ಒಂಬತ್ತು ಪಾಲು ಒಣ ಮರಳಿಗೆ ಒಂದು ಪಾಲು ಸುಣ್ಣ ಬೆರೆಸಿ ಸುಳಿಗೆ ಚಿಟಿಕೆ ಚಿಟಿಕೆ ಹಾಕುವುದೂ ಸಾಕಾಗುತ್ತದೆ. ಐದು ದಾಟಿದರೆ ಬೇವಿನ ಬೀಜದ ಕಷಾಯ: 5 ಕೆ.ಜಿ. ಬೀಜದ ಪುಡಿಯನ್ನು ರಾತ್ರಿಯಿಡೀ ನೆನೆಸಿ, ಸೋಸಿ, 100 ಲೀಟರಿಗೆ ಸರಿದೂಗಿಸಿ, ಸ್ವಲ್ಪ ಸಾಬೂನು ನೀರು ಕೂಡಿಸಿ ಸುಳಿಗೆ ಬೀಳುವಂತೆ ಹೊಡೆಯಬೇಕು. ಇದು ಸಣ್ಣ ಮರಿಗಳಿಗೆ ತಾಗುತ್ತದೆ, ಬೆರಳುದ್ದದ ಹುಳುವಿಗೆ ತಾಗುವುದಿಲ್ಲ.

ಮಳೆಗಾಲದಲ್ಲಿ ಕೆಲವು ಹುಳುಗಳು ಎಲೆಗೆ ಅಂಟಿಕೊಂಡೇ ಸತ್ತು, ಸೆಟೆದುಕೊಂಡು, ಮೈತುಂಬ ಬಿಳಿ ಅಥವಾ ತಿಳಿಹಸಿರು ಹಿಟ್ಟು ಬಳಿದಂತೆ ಕಾಣುತ್ತವೆ. ಅದು ನೊಮೂರಿಯಾ ಎಂಬ ಶಿಲೀಂಧ್ರದ ಕೆಲಸ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದರ ಮೇಲೆ ಬಹುಕಾಲದಿಂದ ಕೆಲಸ ಮಾಡಿದೆ. ಅಂಥ ಹುಳುಗಳು ಹೆಚ್ಚು ಕಂಡರೆ ಒಂದೆರಡು ದಿನ ಕಾಯ್ದು ಮತ್ತೆ ಎಣಿಸುವುದು ಜಾಣತನ.

ಲಕ್ಷಣ: ಎಲೆಯ ಅಡ್ಡಕ್ಕೆ ಒಂದೇ ಸಾಲಿನಲ್ಲಿ ಸಣ್ಣ ತೂತುಗಳು, ಅಥವಾ ನಡುಸುಳಿ ಒಣಗಿದೆ

ಸೂಜಿಯಿಂದ ಚುಚ್ಚಿದಂತೆ ಸಮ ಅಂತರದ ತೂತುಗಳು ಸಾಲಾಗಿದ್ದರೆ ಮೊದಲು ಕಾಂಡ ಕೊರೆಯುವ ಹುಳುವನ್ನು ಅನುಮಾನಿಸಬೇಕು. ಸುತ್ತಿಕೊಂಡಿದ್ದ ಎಲೆಯನ್ನು ಅದು ಒಂದೇ ಕಡೆ ಕೊರೆದಿರುತ್ತದೆ. ಎಲೆ ಬಿಚ್ಚಿಕೊಂಡಾಗ ಆ ಒಂದು ತೂತೇ ಸಾಲಾಗಿ ಕಾಣುತ್ತದೆ. ಕಾಂಡದ ಮೇಲೆ ರಂಧ್ರವಿದೆಯೇ ನೋಡಿ, ಕಾಂಡವನ್ನು ಉದ್ದಕ್ಕೆ ಸೀಳಿದರೆ ಹುಳು ಒಳಗೆ ಸಿಗುತ್ತದೆ. ಮೈ ಗುಲಾಬಿಯಾಗಿದ್ದರೆ ಅದು ಗುಲಾಬಿ ಕಾಂಡ ಕೊರಕ. ಬಿಳಿಜೋಳದಲ್ಲಿ ಬಿತ್ತಿದ ತಿಂಗಳೊಳಗೆ ಸುಳಿ ಒಣಗಿ, ಎಳೆದರೆ ಸಲೀಸಾಗಿ ಕಿತ್ತುಬಂದು ಬುಡದಲ್ಲಿ ಕೊಳೆತ ವಾಸನೆ ಬಂದರೆ ಸುಳಿ ನೊಣವೆಂದು ತಿಳಿಯಬೇಕು; ಅದರ ಮರಿಗೆ ಕಾಲುಗಳಿರುವುದಿಲ್ಲ. ಫಾಲ್ ಸೈನಿಕ ಹುಳುವೂ ಎಳೆಯ ಗಿಡದ ಸುಳಿಯನ್ನು ಕೆಲವೊಮ್ಮೆ ಕತ್ತರಿಸುತ್ತದೆ, ಆದರೆ ಆಗ ಹರಿದ ಎಲೆಯೂ ಲದ್ದಿಯೂ ಜೊತೆಯಲ್ಲೇ ಇರುತ್ತವೆ.

ಲಕ್ಷಣ: ಎಲೆ ಅಂಚಿನಿಂದ ತಿಂದುಹೋಗಿದೆ, ಹಗಲಲ್ಲಿ ಹುಳು ಕಾಣುವುದಿಲ್ಲ

ನಡುನರ ಮಾತ್ರ ಉಳಿದು, ಸುಳಿಯಲ್ಲಿ ಲದ್ದಿ ಇಲ್ಲದಿದ್ದರೆ ಇದು ನಮ್ಮಲ್ಲಿ ಹಿಂದಿನಿಂದಲೂ ಇರುವ ಸೈನಿಕ ಹುಳುವಾಗಿರಬಹುದು. ಸಂಜೆ ಕತ್ತಲಾದ ಮೇಲೆ ಬ್ಯಾಟರಿ ಹಿಡಿದು ಹೋದರೆ ಎಲೆಯ ಮೇಲೆ ಸಿಗುತ್ತದೆ. ಮೈಯ ಉದ್ದಕ್ಕೆ ಪಟ್ಟೆಗಳು, ತಲೆಯ ಮೇಲೆ ಬಲೆಯಂಥ ಗೆರೆಗಳು, ಬಾಲದಲ್ಲಿ ಚೌಕದ ಚುಕ್ಕೆ ಇರುವುದಿಲ್ಲ. ಹೊಲದಲ್ಲಿ ಕಾಲಿಟ್ಟಾಗ ಮಿಡತೆ ಹಾರಿದರೆ ಲೆಕ್ಕ ಇನ್ನೂ ಸುಲಭ, ಎಲೆ ತಿಂದದ್ದು ಅದೇ ಆಗಿರಬಹುದು.

ಲಕ್ಷಣ: ಬೆಳೆ ಮೆಕ್ಕೆಜೋಳವಲ್ಲ, ಆದರೂ ಇದೇ ಹುಳು ಎನ್ನುತ್ತಿದ್ದಾರೆ

ಗೊಂದಲ ಹೆಚ್ಚಾಗಿರುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಈ ಹುಳು ತಿನ್ನಬಲ್ಲ ಗಿಡಗಳ ಪಟ್ಟಿಯೊಂದು 2018ರಲ್ಲಿ ಪ್ರಕಟವಾಯಿತು. ಅದರಲ್ಲಿ 76 ಕುಟುಂಬಗಳಿಗೆ ಸೇರಿದ 353 ಸಸ್ಯಗಳಿವೆ. ಆ ಸಂಖ್ಯೆಯನ್ನು ಕೇಳಿದವರು ತೊಗರಿ, ಶೇಂಗಾ, ಟೊಮೆಟೊ, ಹತ್ತಿ ಎಲ್ಲವೂ ಹೋದವೆಂದು ಹೆದರುತ್ತಾರೆ. ಆದರೆ ಪಟ್ಟಿಯಲ್ಲಿ ಗಿಡವಿರುವುದಕ್ಕೂ ಆ ಗಿಡದ ಮೇಲೆ ಹುಳು ಪೀಳಿಗೆಯಾಗಿ ಬೆಳೆದು ಬೆಳೆ ಹಾಳುಮಾಡುವುದಕ್ಕೂ ಬಹಳ ವ್ಯತ್ಯಾಸವಿದೆ. ಆ ಪಟ್ಟಿಯಲ್ಲೂ ಹುಲ್ಲಿನ ಕುಟುಂಬದ ಪಾಲೇ ದೊಡ್ಡದು, 106 ಸಸ್ಯಗಳು. ನಮ್ಮಲ್ಲಿ ಇದರ ಮುಖ್ಯ ಆಹಾರ ಮೆಕ್ಕೆಜೋಳ. ಅದರ ನಂತರ ಬಿಳಿಜೋಳ, ಕಬ್ಬು, ರಾಗಿ, ಸಜ್ಜೆ, ಮೇವಿನ ಹುಲ್ಲುಗಳು. ಕಬ್ಬಿನಲ್ಲಿ ಎಳೆಯ ಬೆಳೆಗೆ ಮುತ್ತುತ್ತದೆ, ಬಲಿತ ಕಬ್ಬಿನಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ. ರಾಗಿ ಹೊಲದ ಪಕ್ಕದಲ್ಲಿ ಮೆಕ್ಕೆಜೋಳ ಕೊಯ್ಲಾಗಿದ್ದರೆ ಹುಳುಗಳು ಆಹಾರ ಹುಡುಕುತ್ತ ದಂಡಿನಂತೆ ಸಾಗಿ ಬರಬಹುದು; ಸೈನಿಕ ಎಂಬ ಹೆಸರಿಗೆ ಕಾರಣವೂ ಈ ನಡೆಯೇ.

ಇದೇ ಪತಂಗದಲ್ಲಿ ಕಣ್ಣಿಗೆ ಒಂದೇ ರೀತಿ ಕಾಣುವ ಎರಡು ಬಗೆಗಳನ್ನು ಅಮೆರಿಕದಲ್ಲಿ ಗುರುತಿಸಿದ್ದಾರೆ. ಒಂದು ಬಗೆ ಮೆಕ್ಕೆಜೋಳ, ಬಿಳಿಜೋಳ, ಹತ್ತಿಗಳನ್ನು ಹೆಚ್ಚಾಗಿ ಆಶ್ರಯಿಸಿದರೆ, ಇನ್ನೊಂದು ಭತ್ತ ಮತ್ತು ಗರಿಕೆಯಂಥ ಹುಲ್ಲುಗಳನ್ನು ಆಶ್ರಯಿಸುತ್ತದೆ. ನಮ್ಮ ದೇಶದಲ್ಲಿ ಹಾನಿಯ ಬಹುಪಾಲು ಮೆಕ್ಕೆಜೋಳದ ಮೇಲೆಯೇ ಆಗಿದೆ. ಹಾಗಾಗಿ ಭತ್ತದ ಗದ್ದೆಯಲ್ಲಿ ಹುಳು ಕಂಡರೆ ಮೊದಲು ಭತ್ತದ ಹಳೆಯ ಕೀಟಗಳನ್ನು ಅನುಮಾನಿಸಿ, ಹಣೆಯ ಮತ್ತು ಬಾಲದ ಗುರುತುಗಳನ್ನು ನೋಡಿ ಆಮೇಲೆ ತೀರ್ಮಾನಿಸಬೇಕು.

ಶೇಂಗಾ, ಸೋಯಾ, ಹರಳು, ಹೊಗೆಸೊಪ್ಪು, ಕೋಸು: ಇವುಗಳಲ್ಲಿ ರೋಮ ಹೊದ್ದ ಮೊಟ್ಟೆಯ ಗುಂಪು ಸಿಕ್ಕರೆ ಅದು ಬಹುಮಟ್ಟಿಗೆ ಹೊಗೆಸೊಪ್ಪಿನ ಎಲೆ ತಿನ್ನುವ ಹುಳುವಿನದು. ಅದು ಇದರ ಹತ್ತಿರದ ಸಂಬಂಧಿ, ಕೆಲವೆಡೆ ಅದನ್ನೂ ಲದ್ದಿ ಹುಳು ಎಂದೇ ಕರೆಯುತ್ತಾರೆ. ಅದರ ಮೈಮೇಲೆ, ಕಾಲುಗಳಿರುವ ಭಾಗ ಮುಗಿದ ಕೂಡಲೇ ಎರಡೂ ಬದಿಗೆ ದೊಡ್ಡ ಕಪ್ಪು ಮಚ್ಚೆಗಳಿರುತ್ತವೆ, ಬಾಲದಲ್ಲಿ ಚೌಕವಿರುವುದಿಲ್ಲ. ಹೆಸರೊಂದೇ ಆದ ಮಾತ್ರಕ್ಕೆ ಒಂದು ಬೆಳೆಗೆ ಹೇಳಿದ ಉಪಾಯವನ್ನು ಇನ್ನೊಂದಕ್ಕೆ ತರಬಾರದು.

ಬದುವಿನ ಹುಲ್ಲನ್ನೂ ನೇಪಿಯರ್ ಮೇವಿನ ಪಟ್ಟಿಯನ್ನೂ ತಪ್ಪದೆ ನೋಡಬೇಕು. ಹೊಲ ಖಾಲಿಯಿದ್ದಾಗ ಈ ಪತಂಗ ಉಳಿದುಕೊಳ್ಳುವುದು ಅಲ್ಲಿ.

ಲಕ್ಷಣ: ಮೋಹಕ ಬಲೆಯಲ್ಲಿ ಪತಂಗ ಬೀಳುತ್ತಿದೆ, ಬೆಳೆಯಲ್ಲಿ ಏನೂ ಕಾಣುತ್ತಿಲ್ಲ

ಮೋಹಕ ಬಲೆ ಎಂದರೆ ಹೆಣ್ಣು ಪತಂಗದ ವಾಸನೆಯಿಂದ ಗಂಡನ್ನು ಸೆಳೆಯುವ ಬಲೆ. ಎಕರೆಗೆ ಐದು ಹಾಕಿದರೆ ಮುನ್ಸೂಚನೆ ಸಿಗುತ್ತದೆ, ಹತೋಟಿ ಸಿಗುವುದಿಲ್ಲ. ಬೀಳುವುದು ಗಂಡು ಮಾತ್ರ. ಗಂಡಿನ ಮುಂದಿನ ರೆಕ್ಕೆಯ ತುದಿಯಲ್ಲಿ ತ್ರಿಕೋನದ ಬಿಳಿ ಮಚ್ಚೆ ಇರುತ್ತದೆ. ಅದಿಲ್ಲದ ಬೂದು ಪತಂಗಗಳೂ ಬಲೆಗೆ ಬೀಳುವುದರಿಂದ ಎಲ್ಲವನ್ನೂ ಎಣಿಸಿ ಗಾಬರಿಯಾಗಬಾರದು. ದಿನಕ್ಕೆ ಒಂದು ಬಲೆಗೆ ಮೂರು ಬೀಳತೊಡಗಿದರೆ ಅದೇ ವಾರ ಮೊಟ್ಟೆ ಹುಡುಕಲು ಶುರುಮಾಡಬೇಕು.

ಲಕ್ಷಣ: ಔಷಧ ಹೊಡೆದು ವಾರವಾಯಿತು, ಮತ್ತೆ ಹುಳು ಬಂದಿದೆ

ಔಷಧ ನಕಲಿಯೆಂದು ತೀರ್ಮಾನಿಸುವ ಮೊದಲು ಹುಳುವಿನ ಗಾತ್ರ ನೋಡಿ. ಸಿಕ್ಕವೆಲ್ಲ ಸಣ್ಣ ಮರಿಗಳಾಗಿದ್ದರೆ ಔಷಧ ಕೆಲಸ ಮಾಡಿದೆ, ಹೊಸ ಮೊಟ್ಟೆ ಬಂದಿದೆ ಎಂದರ್ಥ. ಈ ಪತಂಗ ಗಾಳಿಯ ನೆರವಿನಿಂದ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ದಾಟಬಲ್ಲದು. ಅಮೆರಿಕದಲ್ಲಿ ಇದು ಚಳಿಗಾಲವನ್ನು ದಕ್ಷಿಣ ಫ್ಲಾರಿಡಾ ಮತ್ತು ದಕ್ಷಿಣ ಟೆಕ್ಸಾಸಿನಲ್ಲಿ ಮಾತ್ರ ಕಳೆದು, ಬೇಸಿಗೆಯಲ್ಲಿ ಕೆನಡಾದವರೆಗೆ ಹಾರಿಹೋಗುತ್ತದೆ. ಉತ್ತರಕ್ಕೆ ಹೋದವು ಹಿಮಕ್ಕೆ ಸಾಯುತ್ತವೆ. ನಿದ್ರಾವಸ್ಥೆಯಲ್ಲಿ ಚಳಿ ಕಳೆಯುವ ಗುಣ ಇದಕ್ಕಿಲ್ಲ. ನಮ್ಮಲ್ಲಿ ಕೊಲ್ಲುವಂಥ ಹಿಮವೂ ಇಲ್ಲ. ದಾವಣಗೆರೆ, ಹಾವೇರಿ, ಚಿತ್ರದುರ್ಗದ ಕಡೆ ಮುಂಗಾರಿಗೂ ಹಿಂಗಾರಿಗೂ, ನೀರಿದ್ದಲ್ಲಿ ಬೇಸಿಗೆಗೂ ಮೆಕ್ಕೆಜೋಳವಿರುವುದರಿಂದ ಸುಮಾರು ತಿಂಗಳಿಗೊಂದು ಪೀಳಿಗೆ ವರ್ಷವಿಡೀ ನಡೆಯುತ್ತದೆ. ಒಬ್ಬರ ಹೊಲ ಜೂನಿನಲ್ಲಿ, ಪಕ್ಕದವರದು ಜುಲೈ ಕೊನೆಯಲ್ಲಿ ಬಿತ್ತನೆಯಾದರೆ ಮೊದಲ ಹೊಲದ ಪತಂಗ ಎರಡನೆಯದಕ್ಕೆ ಕಾದಿರುತ್ತದೆ. ಊರವರು ಕೂಡಿ ಒಂದೇ ವಾರದಲ್ಲಿ ಬಿತ್ತುವುದು ಖರ್ಚಿಲ್ಲದ ಮದ್ದು.

ಸಿಕ್ಕವು ಬೆರಳುದ್ದದ ಹುಳುಗಳಾಗಿದ್ದರೆ ತಪ್ಪು ಬಹುಶಃ ಹೊಡೆದ ವಿಧಾನದಲ್ಲಿದೆ. ಲದ್ದಿಯ ಬಿರಡೆಯ ಕೆಳಗಿರುವ ಹುಳುವಿಗೆ ಎಲೆಯ ಮೇಲಿನ ಮಂಜು ಮುಟ್ಟುವುದಿಲ್ಲ. ನಳಿಕೆಯನ್ನು ಸುಳಿಯ ಮೇಲೆಯೇ ಹಿಡಿದು, ಸಂಜೆ ಅಥವಾ ಮುಂಜಾನೆ ಹೊಡೆಯಬೇಕು. ಹಾನಿ ಶೇ 10 ದಾಟಿದಾಗ ಶಿಫಾರಸಿನಲ್ಲಿರುವವು ಇವು: ಲೀಟರ್ ನೀರಿಗೆ ಶೇ 5ರ ಎಮಾಮೆಕ್ಟಿನ್ ಬೆಂಜೊಯೇಟ್ 0.4 ಗ್ರಾಂ, ಅಥವಾ ಶೇ 18.5ರ ಕ್ಲೋರಾಂಟ್ರಾನಿಲಿಪ್ರೋಲ್ 0.4 ಮಿ.ಲೀ., ಅಥವಾ ಶೇ 11.7ರ ಸ್ಪಿನೆಟೊರಾಮ್ 0.5 ಮಿ.ಲೀ. ಎರಡನ್ನು ಬೆರೆಸಬಾರದು, ಒಂದನ್ನೇ ಮತ್ತೆ ಮತ್ತೆ ಹೊಡೆಯಬಾರದು. ಔಷಧಗಳಿಗೆ ಬೇಗ ಒಗ್ಗಿಕೊಳ್ಳುವ ಹುಳು ಇದು.

ಎರಡು ಸಲ ಸರಿಯಾಗಿ ಹೊಡೆದ ಮೇಲೂ ದೊಡ್ಡ ಹುಳುಗಳು ಬದುಕಿದ್ದರೆ ಅಲ್ಲಿಗೆ ನಿಲ್ಲಿಸಿ. ಮೂರನೆಯ ಡಬ್ಬಿ ಕೊಳ್ಳುವ ಬದಲು ರೈತ ಸಂಪರ್ಕ ಕೇಂದ್ರಕ್ಕೋ ಕೃಷಿ ವಿಜ್ಞಾನ ಕೇಂದ್ರಕ್ಕೋ ಹೋಗಬೇಕು. ಕಿಸಾನ್ ಕಾಲ್ ಸೆಂಟರಿನ 1800-180-1551 ಸಂಖ್ಯೆಗೆ ಕರೆ ಮಾಡಿ ಕನ್ನಡದಲ್ಲೇ ಕೇಳಬಹುದು.

ಲಕ್ಷಣ: ಸೂಲಂಗಿ ಬಂದಾಗಿದೆ, ತೆನೆಯಲ್ಲಿ ಹುಳು

ತೆನೆಯ ತುದಿಯಿಂದ ಒಳಹೊಕ್ಕಿದ್ದರೆ ಹಸಿರು ಕಾಯಿ ಕೊರಕವಾಗಿರಬಹುದು. ಸಿಪ್ಪೆಯನ್ನು ಪಕ್ಕದಿಂದ ಕೊರೆದಿದ್ದರೆ ಫಾಲ್ ಸೈನಿಕ ಹುಳುವಿನ ಸಾಧ್ಯತೆ ಹೆಚ್ಚು, ಆದರೂ ಹಣೆಯ ಮತ್ತು ಬಾಲದ ಗುರುತುಗಳೇ ಕೊನೆಯ ಮಾತು. ಈ ಹಂತದಲ್ಲಿ ರಾಸಾಯನಿಕ ಹೊಡೆದರೆ ಹುಳುವಿಗೆ ತಲುಪುವುದಿಲ್ಲ, ಕಾಳಿಗೂ ಮೇವಿಗೂ ವಿಷ ಅಂಟುತ್ತದೆ. ಕೈಯಿಂದ ಆರಿಸುವುದು, ಕೊಯ್ಲಾದ ಮೇಲೆ ಆಳವಾಗಿ ಉಳುವುದು, ಇಷ್ಟೇ ಮಾಡಬೇಕಾದದ್ದು. ಇದರ ಕೋಶಗಳು (ಹುಳು ಪತಂಗವಾಗುವ ಮೊದಲಿನ ಹಂತ) ಮಣ್ಣಿನಲ್ಲಿ 2ರಿಂದ 8 ಸೆಂಟಿಮೀಟರ್ ಆಳದಲ್ಲಿರುವುದರಿಂದ ನೇಗಿಲ ಹಿಂದೆ ಬರುವ ಹಕ್ಕಿಗಳಿಗೆ ಸಿಗುತ್ತವೆ.

ಎಚ್ಚರಿಕೆ

ಹಿಪ್ಪುನೇರಳೆ ತೋಟ ಹತ್ತಿರವಿದ್ದರೆ ಮೇಲೆ ಹೇಳಿದ ಔಷಧಗಳ ಹನಿ ಗಾಳಿಯಲ್ಲಿ ತೇಲಿಹೋದರೂ ರೇಷ್ಮೆ ಹುಳುಗಳ ಇಡೀ ಸಾಕಣೆ ನಾಶವಾಗಬಹುದು, ಏಕೆಂದರೆ ರೇಷ್ಮೆ ಹುಳುವೂ ಒಂದು ಪತಂಗದ ಮರಿಯೇ. ಪಕ್ಕದವರಿಗೆ ಮೊದಲೇ ತಿಳಿಸಿ, ಗಾಳಿ ಅವರ ಕಡೆಗೆ ಬೀಸುತ್ತಿದ್ದರೆ ಆ ದಿನ ಹೊಡೆಯಬೇಡಿ. ಅಕ್ಕಿ ತೌಡು ಮತ್ತು ಬೆಲ್ಲದ ವಿಷ ಪಾಷಾಣವನ್ನು (ಹುಳುವನ್ನು ಸೆಳೆದು ಕೊಲ್ಲುವ ವಿಷ ಬೆರೆತ ತಿನಿಸು) ಕೃಷಿ ಅಧಿಕಾರಿ ಹೇಳಿದರೆ ಮಾತ್ರ ಮಾಡಬೇಕು. ಬೆಲ್ಲದ ವಾಸನೆಗೆ ದನ, ನಾಯಿ, ಕೋಳಿಗಳು ಬರುತ್ತವೆ. ಹೊಡೆದ ಹೊಲದ ಮೇವನ್ನು ಡಬ್ಬಿಯ ಚೀಟಿಯಲ್ಲಿ ಬರೆದ ದಿನಗಳು ಕಳೆಯುವವರೆಗೆ ದನಗಳಿಗೆ ಹಾಕಬಾರದು. ಕೈಗವಸು, ಮುಖವಸ್ತ್ರ, ಉದ್ದ ತೋಳಿನ ಅಂಗಿ ಹಾಕಿಕೊಳ್ಳದೆ ಹೊಡೆಯಬಾರದು. ಎದೆಯೆತ್ತರದ ಬೆಳೆಯೊಳಗೆ ಔಷಧದ ಮಂಜು ಮುಖದ ಮಟ್ಟದಲ್ಲೇ ನಿಲ್ಲುತ್ತದೆ. ಹೊಡೆದವರಿಗೆ ತಲೆಸುತ್ತು, ವಾಂತಿ, ಕಣ್ಣು ಮಂಜಾಗುವುದು ಕಂಡರೆ ಬಟ್ಟೆ ಬದಲಿಸಿ, ಮೈ ತೊಳೆದು, ತಡಮಾಡದೆ 108ಕ್ಕೆ ಕರೆ ಮಾಡಿ, ಔಷಧದ ಡಬ್ಬಿಯನ್ನೂ ಆಸ್ಪತ್ರೆಗೆ ಒಯ್ಯಬೇಕು.

ತಜ್ಞರ ಬಳಿ ಹೋಗುವಾಗ ಹುಳುವನ್ನು ಹೊಸಕಿ ಕಾಗದದಲ್ಲಿ ಸುತ್ತಿಕೊಂಡು ಹೋದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಮುಚ್ಚಳದಲ್ಲಿ ಸಣ್ಣ ತೂತಿರುವ ಡಬ್ಬಿಯಲ್ಲಿ ಎರಡು ಮೂರು ಜೀವಂತ ಹುಳುಗಳನ್ನು, ಒಂದನ್ನೊಂದು ತಿನ್ನದಂತೆ ಬೇರೆ ಬೇರೆಯಾಗಿ, ತಿಂದ ಎಲೆಯ ತುಂಡಿನ ಜೊತೆ ಇಡಿ. ಚೀಟಿಯಲ್ಲಿ ಬೆಳೆ, ತಳಿ, ಬಿತ್ತಿದ ದಿನ, ನೂರಕ್ಕೆ ಎಷ್ಟು ಗಿಡ, ಈವರೆಗೆ ಹೊಡೆದ ಔಷಧದ ಹೆಸರು ಮತ್ತು ದಿನ, ಪಕ್ಕದ ಹೊಲಗಳಲ್ಲಿ ಏನು ಬೆಳೆಯಿದೆ ಎಂಬುದನ್ನು ಬರೆದಿಟ್ಟುಕೊಳ್ಳಿ.